ಎಡಸಾಲಿನ ಮಹಿಮೆ

ಇದು ನಡೆದದ್ದು ನಡೆದಂತೆಯೇ ಹೇಳುವ ಕತೆ. ನೀವು ನಂಬದಿದ್ದರೆ ನನ್ನ ಗಂಟೇನೂ ಹೋಗುವುದಿಲ್ಲ.

ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ನನ್ನದು ಅಂಕಿಅಂಶದ ಕೆಲಸ. ಬಿಡುವಾದಾಗ ನಮ್ಮ ಹೃದಯದ ಡಾಕ್ಟರ ದನಿ ಅನುಕರಿಸುವುದು ಉಪಕಸುಬು. ಅಂಗಡಿಗೆ ಆಗಲೇ ಬಂದಿದ್ದ ಹೊಸ ಮಾತ್ರೆಯೊಂದನ್ನು ಹಳೆಯದರ ಜೊತೆ ಹೋಲಿಸಲು ಅವರು ರೋಗಿಗಳಲ್ಲಿ ಇಪ್ಪತ್ತು ಸಂಗತಿ ಅಳೆದಿದ್ದರು. ಹತ್ತೊಂಬತ್ತರಲ್ಲಿ ಏನೂ ಇಲ್ಲ. ಮೆಟ್ಟಿಲು ಹತ್ತುವಾಗಿನ ಏದುಸಿರು ಮಾತ್ರ ಕೂದಲೆಳೆಯಷ್ಟು ತಗ್ಗಿ, ವ್ಯತ್ಯಾಸ ಬರೀ ಆಕಸ್ಮಿಕವಿರಬಹುದೇ ಎಂದು ತೂಗುವ ಪಿ ಮೌಲ್ಯ 0.05ರ ಗೆರೆಯೊಳಗೆ ನುಸುಳಿತ್ತು. ಮಾತ್ರೆಗಳಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ನೂರಕ್ಕೆ ಐದು ಸಲ ಇಂಥದ್ದು ಸುಮ್ಮನೆ ಕಾಣಿಸಿಕೊಳ್ಳುತ್ತದೆ, ನಾವು ಇಪ್ಪತ್ತು ಸಲ ಗಾಳ ಹಾಕಿದ್ದೇವೆ ಎಂದು ಗೊಣಗಿದೆ.

"ಗೆರೆ ಒಳಗೆ ಬಂತಲ್ಲಪ್ಪ, ಮುಗೀತು," ಎಂದರು ಡಾಕ್ಟರು.

ಮುಗಿದಿರಲಿಲ್ಲ. ಅವರ ಅಕ್ಕನಿಗೆ ಹೃದಯದ ತೊಂದರೆ. ವರ್ಷಗಟ್ಟಲೆ ಕಾಪಾಡಿದ ಹಳೆಯ ಮಾತ್ರೆ ಬಿಡಿಸಿ ಅಂದೇ ಹೊಸದು ಶುರುಮಾಡಿಸುವವರಿದ್ದರು. ಅಕ್ಕ ಡಾಕ್ಟರ ಕೋಣೆಗೆ ಬಂದು ಕೂತು, ಹೊಸ ಮಾತ್ರೆಯ ಸ್ಟ್ರಿಪ್ ಕೈಯಲ್ಲಿ ಹಿಡಿದು ನೀರು ಕೇಳಿದರು.

ನಮ್ಮಲ್ಲಿ ಲೆಕ್ಕ ಮುಗಿಯುವವರೆಗೆ ಯಾವ ಗುಂಪಿಗೆ ಯಾವ ಮಾತ್ರೆ ಎಂದು ಹೆಸರಿಡುವುದಿಲ್ಲ. ಬರೀ ಒಂದು, ಎರಡು. ಅದನ್ನೇ ನೆಚ್ಚಿಕೊಂಡು, ಮತ್ತೊಮ್ಮೆ ಲೆಕ್ಕ ಹಾಕಿದ ಹಾಳೆಯೊಂದನ್ನು ಡಾಕ್ಟರ ಮುಂದಿಟ್ಟೆ. ಒಂದನೇ ಗುಂಪಿನವರಿಗೆ ನಿದ್ದೆ ಚೆನ್ನಾಗಿ ಬಂದಿದೆ, ಪಿ ಮೌಲ್ಯ 0.03 ಎಂದೆ.

ಯಾವ ಗುಂಪೆಂದು ಡಾಕ್ಟರು ಕೇಳಲೇ ಇಲ್ಲ. ಹೊಸ ಮಾತ್ರೆಯಿಂದ ರಕ್ತನಾಳ ಸಡಿಲಾಗಿ, ಮಿದುಳು ಹಗುರಾಗಿ ನಿದ್ದೆ ಬರುವ ಬಗೆಯನ್ನು ಅಕ್ಕನಿಗೆ ಕೈಯಾಡಿಸಿ ವಿವರಿಸಿದರು. ಅಕ್ಕನ ಉಗುರು ಮಾತ್ರೆ ತೆಗೆಯಲು ಸ್ಟ್ರಿಪ್ಪಿನ ಹಾಳೆಯನ್ನು ಕೆರೆಯತೊಡಗಿತು.

ಕೆಲಸ ಹೋದರೆ ಹೋಗಲಿ.

"ಸಾರ್, ಒಂದನೇ ಗುಂಪು ಅಂದ್ರೆ ವಾರ್ಡಿನ ಎಡಸಾಲಲ್ಲಿ ಮಲಗಿದ್ದೋರು. ಎರಡನೇದು ಬಲಸಾಲು. ಎರಡೂ ಕಡೆ ಎರಡೂ ಮಾತ್ರೆಯೋರು ಬೆರೆತಿದ್ರು. ಇಪ್ಪತ್ತೂ ಸಂಗತಿ ಹೀಗೇ ಲೆಕ್ಕ ಹಾಕಿದೆ, ಇದೊಂದು ಸಿಕ್ತು." ಹೆದರಿಕೆಗೋ ಏನೋ, ಬಾಯಿಂದ ಅವರದೇ ದನಿ ಜಾರಿತು: "ಗೆರೆ ಒಳಗೆ ಬಂತಲ್ಲಪ್ಪ."

ಡಾಕ್ಟರ ಕಿವಿ ಕೆಂಪೇರಿತು.

"ಹಾಗಾದ್ರೆ ಈ ಮಾತ್ರೆ ಕೆಲಸ ಮಾಡಲ್ವಾ?" ಅಕ್ಕ ಕೇಳಿದರು.

"ಗೊತ್ತಿಲ್ಲಮ್ಮ. ಗೊತ್ತಾಯ್ತು ಅಂದ್ಕೊಂಡಿದ್ದೇ ತಪ್ಪು." ಏದುಸಿರೊಂದನ್ನೇ ಗುರಿಯಾಗಿಟ್ಟುಕೊಂಡು ಹೊಸ ರೋಗಿಗಳಲ್ಲಿ ಮತ್ತೆ ಪರೀಕ್ಷಿಸಬೇಕು ಎಂದೆ.

ಅಕ್ಕ ತಮ್ಮನನ್ನು ದಿಟ್ಟಿಸಿದರು. "ಲೋ, ನಾನು ಮಲಗೋದು ಬಲಗಡೆ. ಮಂಚ ಎಡಗಡೆಗೆ ಎಳ್ಕೊಂಡಿದ್ರೆ ಸಾಕಿತ್ತಾ?"

ಡಾಕ್ಟರು ಕೈಚಾಚಿ ಸ್ಟ್ರಿಪ್ ತೆಗೆದುಕೊಂಡು ಜೇಬಿಗೆ ಹಾಕಿದರು. ಹಳೆಯದನ್ನೇ ನುಂಗು ಎಂದರು. ಅಕ್ಕ ನಕ್ಕರು, ನಾನೂ ಅಳುಕುತ್ತ ನಕ್ಕೆ. ಆಮೇಲೆ ಡಾಕ್ಟರ ಹೊಟ್ಟೆ ಕುಲುಕಿತು. ಮೇಜು ಬಡಿದು ಅವರು ನಕ್ಕ ಅಬ್ಬರಕ್ಕೆ ನರ್ಸಮ್ಮ ಬಾಗಿಲು ತಳ್ಳಿಕೊಂಡು ಓಡಿಬಂದರು.