ಕರುವಿನ ಪಾಲು

ಈಗ ನಮ್ಮ ಮಸ್ಕಿಯಲ್ಲಿ ಹಾಲು ಅಂದರೆ ಲೀಟರು, ಫ್ಯಾಟು, ಡೇರಿ. ನನ್ನ ಮೊಮ್ಮಗಳು ಆಕಳ ಕೆಳಗೆ ಕೂತರೆ ನಾಲ್ಕೂ ಮೊಲೆ ಬರಿದು ಮಾಡಿಯೇ ಏಳುತ್ತಾಳೆ. ಕರುವಿಗೇನು ಅಂತ ಕೇಳಿದರೆ, "ಅದಕ್ಕ ಶೇಂಗಾ ಹಿಂಡಿ ಹಾಕ್ತೀನಿ, ಸುಮ್ನ ಕುಂದ್ರಬೇ ಆಯಿ" ಅನ್ನುತ್ತಾಳೆ. ನಾನು ಸುಮ್ಮನೆ ಕೂಡುವ ಪೈಕಿ ಅಲ್ಲ. ಆದರೆ ನನ್ನ ಮಾತು ಯಾರಿಗೆ ಬೇಕಾಗಿದೆ?

ಐವತ್ಮೂರನೆಯ ಇಸವಿ. ಶಿವಶರಣಪ್ಪನವರ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ತವರು ಮುಕ್ಕುಂದದಿಂದ ನನ್ನ ಹಿಂದೆ ಬಂದ ಜೀವ ಒಂದೇ, ಕೆಂದಿ. ಕರುವಾಗಿದ್ದಾಗಿಂದ ನಾನೇ ಸಾಕಿದ ಕೆಂಪು ಆಕಳು. ಅತ್ತೆ ಬಸವಣ್ಣೆಮ್ಮ ಹಿಂಡಲು ಕೂತರೆ ಒದೆಯುತ್ತಿತ್ತು, ನನ್ನ ಕೈಗಷ್ಟೇ ಹಾಲು ಇಳಿಸುತ್ತಿತ್ತು. ಹೊಸ ಮನೆಯಲ್ಲಿ ಎಷ್ಟೋ ಸಲ ಅದರ ಹೊಟ್ಟೆಗೆ ತಲೆಯಾನಿಸಿ ಅತ್ತಿದ್ದೇನೆ. ಹಾಲು ಹಿಂಡುತ್ತಿದ್ದಾಳೆ ಎಂದುಕೊಂಡು ಯಾರೂ ಕೇಳುತ್ತಿರಲಿಲ್ಲ.

ನಮ್ಮಲ್ಲಿ ಬಲಗಡೆಯ ಎರಡು ಮೊಲೆ ಮನೆಗೆ, ಎಡಗಡೆಯ ಎರಡು ಕರುವಿಗೆ. ನಾನು ಹಿಂಡುವಾಗ ಮಾವ ಕರುವಿನ ಹಗ್ಗ ಹಿಡಿದು ನಿಲ್ಲುತ್ತಿದ್ದರು. ಮುಗಿದ ಮೇಲೆ ನಾನು ಗೋಡೆಗೆ ಹೇಳಿದ ಹಾಗೆ "ಆತ್ರಿ" ಅನ್ನುತ್ತಿದ್ದೆ, ಅವರು ಹಗ್ಗ ಬಿಡುತ್ತಿದ್ದರು. ಮಾವ ಸೊಸೆಯ ಹತ್ತಿರ ನೇರ ಮಾತಾಡುವ ಕಾಲ ಅದಲ್ಲ. ಏನಿದ್ದರೂ ಅತ್ತೆಯ ಮೂಲಕ.

ಆ ವರ್ಷ ಕಾಲುವೆ ಬರುತ್ತದೆಂಬ ಸುದ್ದಿ ಹಬ್ಬಿ ಮಾವನಿಗೆ ಎತ್ತಿನ ಹುಚ್ಚು ಹಿಡಿಯಿತು. ಜೋಡಿಯಲ್ಲಿ ಒಂದು ಎತ್ತು ಸತ್ತಿತ್ತು. ತುರ್ವಿಹಾಳದ ಅಮರಗುಂಡಪ್ಪ ಕೆಂದಿಯನ್ನು ಕೊಟ್ಟರೆ ತನ್ನದೊಂದು ಎತ್ತು ಬಿಡುತ್ತೇನೆಂದ. ಆಕಳು ಹೊತ್ತಿಗೆ ಐದು ಸೇರು ಹಾಲು ಕೊಡುತ್ತದೆಂದು ಮಾವ ಹೇಳಿ ಬಂದರು, ಕರುವಿನ ಪಾಲೂ ಸೇರಿಸಿ. ನಾನು ಎರಡು ದಿನ ಉಣ್ಣಲಿಲ್ಲ.

ಅದೇ ಹೊತ್ತಿಗೆ ದನದ ದವಾಖಾನೆಯ ಅಲ್ಲಾಭಕ್ಷ್ ಸಾಹೇಬರು ಕಟ್ಟೆಗೆ ಬಂದು ಕೂತರು. ಲಿಂಗಸುಗೂರಿನಲ್ಲಿ ಹಾಲು ಹಿಂಡುವ ಪಂದ್ಯ ಇಟ್ಟಿದ್ದರಂತೆ, ಗೆದ್ದ ಆಕಳಿಗೆ ಇನಾಮು ಇತ್ತಂತೆ.

"ಇನ್ನ ಮ್ಯಾಲ ಹತ್ತಿ ಹೋದಂಗ ಹಾಲೂ ಊರೂರಿಂದ ಶಹರಕ್ಕ ಹೋಗ್ತೈತ್ರಿ. ಹಾಲಿನ ಕಾರ್ಖಾನಿ ಬರ್ತಾವ. ದೇಶಕ್ಕ ಛಲೋ ಆಕಳ ಬೇಕಾಗ್ಯಾವ" ಎಂದರು.

ಮಾವ ಅತ್ತೆಗೆ ಹೇಳಿದರು: "ನಿನ್ನ ಸೊಸಿಗೆ ಹೇಳು. ಪಂದ್ಯದಾಗ ಮೊದಲ್ನೇ ನಂಬರ ಬಂದ್ರ ಆಕಳ ಇಲ್ಲೇ ಇರ್ತೈತಿ. ಬರಲಿಲ್ಲಂದ್ರ ತುರ್ವಿಹಾಳಕ್ಕ. ಆಮ್ಯಾಲ ಅಳೂದು ಕರೆಯೂದು ಮಾಡಬಾರ್ದು."

ಹಿಂದಿನ ದಿನವೇ ಬಂಡಿ ಕಟ್ಟಿಕೊಂಡು ಹೊರಟೆವು. ಲಿಂಗಸುಗೂರಿನ ಬಯಲಿನಲ್ಲಿ ಜನವೋ ಜನ. ಸೆರಗು ಹಣೆಯವರೆಗೆ ಎಳೆದುಕೊಂಡು ಕೆಂದಿಯ ಪಕ್ಕ ಕೂತೆ. ಹೊಟ್ಟೆಗೆ ತಲೆಯಾನಿಸಿದ್ದೇ ತಡ, ಜನ, ಗದ್ದಲ, ಪಂದ್ಯ ಎಲ್ಲ ಮರೆತುಹೋಯಿತು. ನಮ್ಮ ಕೊಟ್ಟಿಗೆಯಲ್ಲೇ ಕೂತ ಹಾಗಿತ್ತು. ಬಲಗಡೆಯ ಎರಡು ಮೊಲೆ ಮುಗಿಸಿದೆ. ತಂಬಿಗೆ ಎತ್ತಿಕೊಂಡು ಎದ್ದು "ಆತ್ರಿ" ಅಂದೆ.

ಮಾವ ಹಗ್ಗ ಬಿಟ್ಟರು.

ಕರು ಓಡಿಬಂದು ಬಾಯಿ ಹಾಕಿತು. ಸುತ್ತ ನಿಂತವರು ನಕ್ಕಾಗಲೇ ನಮಗಿಬ್ಬರಿಗೂ ಎಚ್ಚರವಾದದ್ದು. ಮಾವ ಎಳೆದು ಬಿಡಿಸುವಷ್ಟರಲ್ಲಿ ಅದು ತನ್ನ ಪಾಲು ಕುಡಿದು ಮುಗಿಸಿತ್ತು. ಅಳೆದರು, ಎರಡೂವರೆ ಸೇರು. ಗೆದ್ದ ಆಕಳು ನಾಲ್ಕು ಮೊಲೆಯಿಂದ ಕೊಟ್ಟದ್ದು ನಾಲ್ಕು ಸೇರು.

"ಕಣ್ಣಾರೆ ನೋಡೀನಿ ಶಿವಶರಣಪ್ಪನವರ. ಆದ್ರ ಅಳತಿಗೆ ಬಂದದ್ದಷ್ಟ ಬರೀಬೇಕಾಗ್ತೈತಿ" ಎಂದು ಸಾಹೇಬರು ಚೀಟಿ ಬರೆದು ಕೊಟ್ಟರು. ಮಸ್ಕಿ ಮುಟ್ಟುವ ತನಕ ಬಂಡಿಯಲ್ಲಿ ನನ್ನ ಕೈಯನ್ನು ನಾನೇ ಬೈದುಕೊಂಡೆ. ಮುಂದಿನ ಮೂರು ದಿನ ಕೆಂದಿಯ ಮೈ ತಿಕ್ಕಿದ್ದೇ ತಿಕ್ಕಿದ್ದು.

ನಾಲ್ಕನೆಯ ದಿನ ಅಮರಗುಂಡಪ್ಪ ಎತ್ತು ಹೊಡೆದುಕೊಂಡು ಬಂದ. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಪಂದ್ಯದಾಗ ಎಷ್ಟು ಬಂತ್ರಿ?" ಎಂದು ಕೇಳಿದ.

ಮಾವ ಅಂಗಿಯ ಕಿಸೆಯಿಂದ ಚೀಟಿ ತೆಗೆದು ಅವನ ಕೈಗಿಟ್ಟರು.

"ಎರಡೂವರಿ? ನೀವು ಐದು ಅಂದಿದ್ರೆಲ್ಲ?"

"ಸರಕಾರದ ಚೀಟಿ ಐತಿ. ಓದ್ಕೋ."

"ಇಷ್ಟಕ್ಕ ನನ್ನ ಎತ್ತು ಗಿಟ್ಟೂದಿಲ್ರಿ" ಎಂದು ಅಮರಗುಂಡಪ್ಪ ಚಹಾ ಕುಡಿದು, ಎತ್ತು ಹೊಡೆದುಕೊಂಡು ಬಂದ ದಾರಿ ಹಿಡಿದ.

ಅತ್ತೆಗೆ ತಡೆಯಲಾಗಲಿಲ್ಲ. "ಅಲ್ರೀ, ಅದು ಎರಡ ಮೊಲಿದು ಅಂತ ಒಂದು ಮಾತು ಹೇಳಬಾರ್ದಾಗಿತ್ತೇನು?"

"ಅಂವ ಕೇಳಲಿಲ್ಲ, ನಾ ಹೇಳಲಿಲ್ಲ" ಎಂದು ಮಾವ ತಲೆಗೆ ಪಟಕ ಸುತ್ತಿಕೊಂಡರು. ಆ ವರ್ಷ ಅವರು ನೆಂಟರ ಎತ್ತು ಕೇಳಿ ತಂದು ಹೊಲ ಹೊಡೆದರು. ಅದಕ್ಕಾಗಿ ಮೂರು ಮನೆ ಬಾಗಿಲಿಗೆ ಹೋಗಬೇಕಾಯಿತು.

ಅಂದು ಸಂಜೆ ಹಿಂಡಲು ಕೂತೆ. ಹಾಲಿಗಿಂತ ಹೆಚ್ಚು ಕಣ್ಣೀರೇ ಬರುತ್ತಿತ್ತು. ಎರಡು ಮೊಲೆ ಮುಗಿದರೂ "ಆತ್ರಿ" ಅನ್ನುವುದನ್ನು ಮರೆತು ಕೆಂದಿಯ ಹೊಟ್ಟೆಗೆ ತಲೆಯಾನಿಸಿಕೊಂಡು ಕೂತಿದ್ದೆ. ಮಾವ ಹಗ್ಗ ಹಿಡಿದುಕೊಂಡು ಬಹಳ ಹೊತ್ತು ಕಾದರು. ಅತ್ತೆ ಒಳಗಿದ್ದರು.

"ಆತೇನವಾ ಕಸ್ತೂರಿ?" ಎಂದರು. "ಕರ ಬಿಡ್ಲೇನು?"

ಎರಡು ವರ್ಷದಲ್ಲಿ ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.