ಪರವಾಗಿಲ್ಲ ಎಂಬ ಉತ್ತರ

ಅರವತ್ತು ಶೌಚಾಲಯಗಳ ಅರವತ್ತು ಬಾಗಿಲಿಗೂ ಚಿಲಕ ಹೊರಗಡೆಯೇ ಇತ್ತು. ಒಳಗೆ ಕೂತವರು ಹಾಕಿಕೊಳ್ಳಲು ಏನೂ ಇರಲಿಲ್ಲ. ಉಗ್ರಾಣಗಳಿಗೆಂದು ತಯಾರಾಗಿದ್ದ ತಗಡಿನ ಬಾಗಿಲುಗಳನ್ನು ಸಂಸ್ಥೆ ಒಂದೇ ಸಲಕ್ಕೆ ತರಿಸಿಬಿಟ್ಟಿತ್ತು. ಉಗ್ರಾಣದೊಳಗೆ ಕೂತು ಯಾರೂ ಚಿಲಕ ಹಾಕಿಕೊಳ್ಳುವುದಿಲ್ಲವಲ್ಲ. ಬಾಗಿಲ ಹೊರಮೈಯಲ್ಲಿ, ಚಿಲಕದ ಪಕ್ಕದಲ್ಲೇ, ಸಂಸ್ಥೆಯ ಲಾಂಛನ: ಒಂದು ಕೈಯನ್ನು ಹಿಡಿದ ಇನ್ನೊಂದು ಕೈ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಘನತಾ ಗೃಹ'. ಆ ಹೆಸರನ್ನು ನಮ್ಮ ಭಾಷೆಗೆ ತಂದವಳು ನಾನೇ.

ನಾನು ಆ ಸಂಸ್ಥೆಯ ಅನುವಾದಕಿಯಾಗಿದ್ದೆ. ಪ್ರವಾಹದಲ್ಲಿ ಮನೆ ಕಳೆದುಕೊಂಡವರಿಗೆ ನೆರವಾಗಲು ಕಡಲಾಚೆಯಿಂದ ಬಂದಿದ್ದ ಸಂಸ್ಥೆ ಅದು. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅದರ ಕಚೇರಿ. ಜನ ಹೇಳಿದ್ದನ್ನು ಅವರ ಭಾಷೆಗೆ, ಅವರು ಬರೆದದ್ದನ್ನು ನಮ್ಮ ಭಾಷೆಗೆ ದಾಟಿಸುವುದು ನನ್ನ ಕೆಲಸ. ಕಚೇರಿಯ ಸಂಯೋಜಕರನ್ನು ನಾವು ಬೆನ್ನ ಹಿಂದೆ ಹೌದಪ್ಪ ಎನ್ನುತ್ತಿದ್ದೆವು. ಕೇಂದ್ರ ಕಚೇರಿಯಿಂದ ಫೋನ್ ಬಂದಾಗ ಆ ಕಡೆಯವರು ಬಾಯಿ ತೆರೆಯುವ ಮೊದಲೇ ಅವರು ಮೂರು ಸಲ ಹೌದು ಎಂದಿರುತ್ತಿದ್ದರು. ಎರಡೂ ಭಾಷೆ ಅವರಿಗೆ ಬರುತ್ತಿತ್ತು, ಎರಡರಲ್ಲೂ ಇಲ್ಲ ಎನ್ನಲು ಬರುತ್ತಿರಲಿಲ್ಲ.

ಬಾಗಿಲುಗಳು ಬಂದ ಎರಡು ತಿಂಗಳಿಗೆ ಸಮೀಕ್ಷೆ ನಡೆಯಿತು. ಪ್ರಶ್ನೆ ಒಂದೇ, ಘನತಾ ಗೃಹ ಹೇಗಿದೆ? ಉತ್ತರಕ್ಕೆ ಎರಡು ಮುಖದ ಚಿತ್ರ, ನಗುವುದೊಂದು, ಅಳುವುದೊಂದು. ಪ್ರವಾಹ ಸಂತ್ರಸ್ತರ ಕಾಲೊನಿಯ ಜನ ನಗಲೂ ಇಲ್ಲ, ಅಳಲೂ ಇಲ್ಲ. ಪಟ್ಟಿಯಲ್ಲಿದ್ದ ಇನ್ನೂರ ಮೂವತ್ತಮೂರು ಮಂದಿಯಲ್ಲಿ ಇಪ್ಪತ್ತೊಂದು ಮಂದಿ ಸಿಗಲಿಲ್ಲ, ಉಳಿದ ಇನ್ನೂರ ಹನ್ನೆರಡು ಮಂದಿ ಹೇಳಿದ್ದು ಒಂದೇ ಮಾತು: ಪರವಾಗಿಲ್ಲ.

ಈ ಪದವನ್ನು ಯಾವ ಮುಖಕ್ಕೆ ಸೇರಿಸಲಿ ಎಂದು ನಾನು ಹೌದಪ್ಪನವರನ್ನು ಕೇಳಿದೆ. ಕಾಲು ತುಳಿದವನಿಗೂ ನಾವು ಇದನ್ನೇ ಹೇಳುತ್ತೇವೆ, ಜ್ವರದಲ್ಲಿ ಮಲಗಿದಾಗ ಯಾರಾದರೂ ವಿಚಾರಿಸಿದರೂ ಇದನ್ನೇ ಹೇಳುತ್ತೇವೆ ಎಂದು ವಿವರಿಸಲು ಹೋದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ಪರವಾಗಿಲ್ಲ ಅಂದರೆ ಅಡ್ಡಿಯಿಲ್ಲ ಎಂದಲ್ಲವೇ, ಅಡ್ಡಿಯಿಲ್ಲ ಅಂದರೆ ತೃಪ್ತಿ ಎಂದಲ್ಲವೇ ಎಂದರು. ನಾನು ತಲೆಯಾಡಿಸಿದೆ. ಇನ್ನೂರ ಹನ್ನೆರಡು ನಗುವ ಮುಖಗಳಿಗೆ ಗುರುತು ಹಾಕಿದೆ. ನೂರಕ್ಕೆ ತೊಂಬತ್ತೊಂದು ಜನ ತೃಪ್ತರು ಎಂದು ವಾರ್ಷಿಕ ವರದಿ ಹೊರಬಂತು. ಅದರ ಮುಖಪುಟದಲ್ಲಿ ಮುಚ್ಚಿದ ಬಾಗಿಲೊಂದರ ಚಿತ್ರ. ಬಿಸಿಲಿಗೆ ಚಿಲಕ ಫಳಫಳ ಹೊಳೆಯುತ್ತಿತ್ತು. ಚಿಲಕ ಚಿತ್ರದಲ್ಲಿ ಕಾಣುತ್ತಿದೆ ಎಂದರೆ ಅದು ಹೊರಗಿದೆ ಎಂದು ಅರ್ಥ. ಸಾವಿರಾರು ದಾನಿಗಳು ಆ ಪುಟ ತಿರುಗಿಸಿದರು, ಒಬ್ಬರಿಗೂ ಅದು ಹೊಳೆಯಲಿಲ್ಲ.

ಇದಿಷ್ಟೇ ಆಗಿದ್ದರೆ ನಾನೂ ಮರೆತುಬಿಡುತ್ತಿದ್ದೆನೋ ಏನೋ. ಆದರೆ ಆ ಕಾಲೊನಿಯ ಮೂರನೇ ಸಾಲಿನಲ್ಲಿ ನನ್ನ ಅಕ್ಕನ ಮನೆ ಇತ್ತು. ಕಚೇರಿಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ನೆರವು ಪಡೆಯುವವರಲ್ಲಿ ಸಂಬಂಧಿಕರಿದ್ದರೆ ಬರೆದುಕೊಡಬೇಕೆಂಬ ನಿಯಮವಿತ್ತು, ಬರೆದರೆ ಎಲ್ಲಿ ಕೆಲಸಕ್ಕೆ ಕುತ್ತು ಬರುತ್ತದೋ ಎಂದು ನಾನು ಬಾಯಿ ಮುಚ್ಚಿಕೊಂಡಿದ್ದೆ.

ಹೆಂಗಸರು ತಮ್ಮ ಮಟ್ಟಿಗೆ ಒಂದು ದಾರಿ ಕಂಡುಕೊಂಡಿದ್ದರು. ಒಬ್ಬಳು ಒಳಗೆ ಹೋದರೆ ಜೊತೆಗೆ ಬಂದವಳು ಹೊರಗಿನ ಚಿಲಕ ಹಾಕಿ ಕಾವಲು ನಿಲ್ಲುವುದು, ಒಳಗಿನಿಂದ ತಟ್ಟಿದರೆ ತೆಗೆಯುವುದು. ಆದರೆ ಅಕ್ಕ ಹಗಲೆಲ್ಲ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ. ಭಾವ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅವರ ಮಗಳು ಪುಟ್ಟಿ, ಹದಿಮೂರು ವರ್ಷದವಳು, ಶಾಲೆಯಿಂದ ಬಂದರೆ ಮನೆಯಲ್ಲಿ ಒಬ್ಬಳೇ. ಒಂದು ಮಧ್ಯಾಹ್ನ ಯಾರೋ ಪೋಲಿಗಳು ಅವಳು ಒಳಗಿದ್ದಾಗ ಚಿಲಕ ಹಾಕಿ, ಒಂದು ಗಂಟೆ ಹೊತ್ತು ಬಾಗಿಲ ಮುಂದೆ ಕೂತು ಹಾಡು ಹೇಳಿದರು. ಅಂದಿನಿಂದ ಅವಳು ನೀರು ಕುಡಿಯುವುದನ್ನು ಬಿಟ್ಟಳು. ಬೆಳಿಗ್ಗೆ ಅರ್ಧ ಲೋಟ, ಆಮೇಲೆ ಅಮ್ಮ ಬಂದ ಮೇಲೆಯೇ. ಮೂರು ತಿಂಗಳಲ್ಲಿ ಎರಡು ಸಲ ಮೂತ್ರದ ಸೋಂಕಾಗಿ ಜ್ವರ ಬಂತು. ಇನ್ನೊಮ್ಮೆ ಬಂದರೆ ಮೂತ್ರಪಿಂಡಕ್ಕೇ ತೊಂದರೆ, ಚೆನ್ನಾಗಿ ನೀರು ಕುಡಿಸಿ ಎಂದರು ಡಾಕ್ಟರು.

"ಕುಡಿದ್ರೆ ಹೋಗ್ಬೇಕಾಗುತ್ತಲ್ಲ ಚಿಕ್ಕಮ್ಮ" ಎಂದಳು ಪುಟ್ಟಿ, ನಾನು ಲೆಕ್ಕ ತಪ್ಪಿದ ಮಗುವೆಂಬಂತೆ.

ಒಳಗೊಂದು ಚಿಲಕ ಹಾಕಿಕೊಂಡರಾಯಿತಲ್ಲ ಎಂದು ಕೇಳಬಹುದು. ಕಾಲೊನಿಯ ದರ್ಜಿಯೊಬ್ಬ ಹಾಗೇ ಯೋಚಿಸಿ ಬಾಗಿಲಿಗೆ ಎರಡು ತೂತು ಕೊರೆದ. ಸಂಸ್ಥೆಯ ಸ್ವತ್ತಿಗೆ ಹಾನಿ ಮಾಡಿದನೆಂದು ಕಂಬಳಿ ಹಂಚುವ ಪಟ್ಟಿಯಿಂದ ಅವನ ಹೆಸರು ಹೋಯಿತು, ತೂತಿಗೆ ತೇಪೆ ಬಂತು. ಐದು ವರ್ಷ ಯಾವುದೇ ಬದಲಾವಣೆ ಮಾಡತಕ್ಕದ್ದಲ್ಲ ಎಂಬ ಫಲಕವನ್ನು ಕಾಲೊನಿಯ ಬಾಯಲ್ಲೇ ನೆಟ್ಟರು. ಅದರ ಅನುವಾದವೂ ನನ್ನದೇ. 'ಮಾಡತಕ್ಕದ್ದಲ್ಲ' ಎಂಬ ಪದ ಸಿಕ್ಕಿದಾಗ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಅಷ್ಟರಲ್ಲಿ ಸಂಸ್ಥೆಗೆ ಅದರ ಸ್ವಂತ ದೇಶದಲ್ಲೇ ಗ್ರಹಚಾರ ವಕ್ಕರಿಸಿತು. ಇನ್ಯಾವುದೋ ನಾಡಿನಲ್ಲಿ ಅವರು ಕಟ್ಟಿದ್ದೇವೆ ಎಂದ ಶಾಲೆ ಕಟ್ಟಿಯೇ ಇಲ್ಲ ಎಂದು ಅಲ್ಲಿನ ಪತ್ರಿಕೆಗಳು ಬರೆದವು. ಜನರ ವಿಶ್ವಾಸ ಕಳೆದುಹೋಯಿತು. ಕಳೆದುಹೋದದ್ದನ್ನು ಹುಡುಕಲು ಸಂಸ್ಥೆ ಒಂದು ಹೊಸ ಹುದ್ದೆ ಸೃಷ್ಟಿಸಿತು, ವಿಶ್ವಾಸಾಧಿಕಾರಿ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಇವರು ಹಾಕುವ ಬಾಗಿಲಿಗೆ ಚಿಲಕ ಯಾವ ಕಡೆ ಇರುತ್ತದೋ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ವಿಶ್ವಾಸಾಧಿಕಾರಿ ನಮ್ಮ ಕಾಲೊನಿಗೂ ಬರುತ್ತಾರೆಂದು ಸುದ್ದಿ ಬಂತು. ಐವತ್ತು ದಾಟಿದ, ಮೃದುವಾಗಿ ಮಾತಾಡುವ ಹೆಂಗಸು. ತೊಂಬತ್ತೊಂದು ನಿಜವೇ ಎಂದು ನೋಡಿ ಅವರು ಸಹಿ ಹಾಕಿದರೆ ಯೋಜನೆ ಮುಕ್ತಾಯ. ಕಚೇರಿ ಗಂಟುಮೂಟೆ ಕಟ್ಟುತ್ತದೆ, ಬಾಗಿಲು ಹಾಗೇ ಉಳಿಯುತ್ತದೆ, ಫಲಕವೂ ಉಳಿಯುತ್ತದೆ.

"ನೀನೇ ಹೇಳ್ಬೇಕು ಕಣೆ" ಎಂದಳು ಅಕ್ಕ. "ಮಾತಾಡೋಕೆ ನಿನಗೆ ಸಂಬಳ ಕೊಡ್ತಾರೆ. ನಾವು ಮಾತಾಡಿದ್ರೆ ಕಂಬಳಿ ಕಿತ್ಕೊಳ್ತಾರೆ."

ನೋಡೋಣ ಎಂದೆ. 'ನೋಡೋಣ' ಎಂಬುದು 'ಪರವಾಗಿಲ್ಲ' ಎಂಬುದರ ತಂಗಿ.

ಆ ದಿನ ಟಾರ್ಪಾಲಿನ ನೆರಳಲ್ಲಿ ಹೆಂಗಸರನ್ನು ಕೂರಿಸಿದರು. ಅಕ್ಕನೂ ರಜೆ ಹಾಕಿ, ಪುಟ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ನಾನು ಅವರ ಕಡೆ ನೋಡದಿರುವುದರಲ್ಲೇ ಅರ್ಧ ಜೀವ ಸವೆಸುತ್ತಿದ್ದೆ. ವಿಶ್ವಾಸಾಧಿಕಾರಿ ಎದೆಯ ಮೇಲೆ ಕೈಯಿಟ್ಟು, ನಾವು ಕೇಳಿಸಿಕೊಳ್ಳಲು ಬಂದಿದ್ದೇವೆ, ಮನಸ್ಸು ಬಿಚ್ಚಿ ಹೇಳಿ ಎಂದರು. ಮನಸ್ಸು ಬಿಚ್ಚುವವರ ಹೆಸರು ಬರೆದುಕೊಳ್ಳಲು ಹೌದಪ್ಪನವರು ಅವರ ಪಕ್ಕದಲ್ಲೇ ಪೆನ್ನು ಬಿಚ್ಚಿಕೊಂಡು ಕೂತಿದ್ದರು. ಘನತಾ ಗೃಹ ಹೇಗಿದೆ ಎಂಬ ಪ್ರಶ್ನೆಗೆ ಮೊದಲು ಉತ್ತರಿಸಿದವರು ರೇಡಿಯೊ ಅಜ್ಜಿ. ಬೆಳಗಾದರೆ ಶುರು ಮಾಡಿ ಮಲಗುವ ತನಕ ನಿಲ್ಲಿಸದ ಬಾಯಿ ಅದು. ಅಂದು ಆ ಅಜ್ಜಿಯೂ ಪೆನ್ನು ನೋಡಿ ಒಂದೇ ಪದಕ್ಕೆ ಮುಗಿಸಿದರು.

"ಪರವಾಗಿಲ್ಲ."

ಆಮೇಲೆ ಎಲ್ಲರದೂ ಅದೇ. ಪರವಾಗಿಲ್ಲ, ಪರವಾಗಿಲ್ಲ. ವಿಶ್ವಾಸಾಧಿಕಾರಿ ಆ ಪದವನ್ನು ಬಾಯಲ್ಲೇ ಮೆಲುಕು ಹಾಕಿ ಕಲಿತುಕೊಳ್ಳುತ್ತಿದ್ದುದು ನನಗೆ ಕಾಣಿಸಿತು. ನನ್ನ ಸರದಿ ಬಂತು. ಇವರು ಸಹಿಸಿಕೊಳ್ಳುತ್ತಿದ್ದೇವೆ ಎನ್ನುತ್ತಿದ್ದಾರೆ ಎಂದು ಅನುವಾದಿಸಿದೆ. ಹೌದಪ್ಪನವರು ನಕ್ಕು, ಪಾಪ ಇವಳಿಗೆ ಬೆಳಗಿನಿಂದ ಸುಸ್ತು, ಎಲ್ಲರೂ ತೃಪ್ತರು ಎಂದರ್ಥ ಎಂದು ತಿದ್ದಿದರು. ಅಕ್ಕ ನನ್ನನ್ನೇ ನೋಡಿದಳು. ನಾನು ತಲೆ ತಗ್ಗಿಸಿದೆ. ವಿಶ್ವಾಸಾಧಿಕಾರಿ ಕಡತದಲ್ಲಿ ಏನೋ ಬರೆದುಕೊಂಡರು.

ಕಾಲೊನಿಯವರು ಅತಿಥಿಯೆಂದು ಮೂರು ಸಲ ಚಹಾ ಕೊಟ್ಟಿದ್ದರು. ಅವರು ಮರ್ಯಾದೆಗೆ ಮೂರನ್ನೂ ಕುಡಿದಿದ್ದರು. ಹೊರಡುವ ಹೊತ್ತಿಗೆ ನನ್ನ ಕಿವಿಯಲ್ಲಿ ಒಂದು ಮಾತು ಕೇಳಿದರು, ನಾನು ಬೆರಳು ತೋರಿಸಿದೆ. ನಡೆದು ಹೋಗಿ ಒಂದು ಘನತಾ ಗೃಹದೊಳಗೆ ಹೊಕ್ಕರು. ಬಾಗಿಲು ಗಾಳಿಗೆ ಅರ್ಧ ತೆರೆದುಕೊಂಡಿತು. ರೇಡಿಯೊ ಅಜ್ಜಿಗೆ ಅತಿಥಿಯ ಮಾನದ ಚಿಂತೆ. ಬಿರಬಿರನೆ ಹೋಗಿ, ಬಾಗಿಲು ತಳ್ಳಿ, ಟಕ್ಕನೆ ಚಿಲಕ ಹಾಕಿ, ಸೊಂಟದ ಮೇಲೆ ಕೈಯಿಟ್ಟು ಕಾವಲು ನಿಂತರು.

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಒಳಗಿನಿಂದ ಬಾಗಿಲು ಅಲುಗಿತು. ಆಮೇಲೆ ಕೂಗು, ತಗಡು ಬಡಿಯುವ ಸದ್ದು.

"ಏನಂತೆ?" ಎಂದು ಅಜ್ಜಿ ನನ್ನನ್ನು ಕೇಳಿದರು.

"ಬಾಗಿಲು ತೆಗೀಬೇಕಂತೆ."

"ಮುಗೀತಾ ಕೇಳು."

ನಾನು ಕೇಳಿದೆ. ಯಾರು ಬೀಗ ಹಾಕಿದ್ದು, ಏಕೆ ಹಾಕಿದ್ದು ಎಂದು ಒಳಗಿನ ಧ್ವನಿ ಕಿರುಚಿತು. ಇನ್ನೂ ಮುಗಿದಿಲ್ಲವಂತೆ ಎಂದು ತಿಳಿದು ಅಜ್ಜಿ ಅಲ್ಲಾಡಲಿಲ್ಲ. ಹೌದಪ್ಪನವರು ಓಡಿ ಬಂದರು, ಆದರೆ ಹೆಂಗಸೊಬ್ಬಳಿರುವ ಶೌಚಾಲಯದ ಬಾಗಿಲು ತೆಗೆಯಬಹುದೇ ಎಂದು ಕೇಳಿ ಹೌದು ಎನ್ನಿಸಿಕೊಳ್ಳಲು ಯಾರೂ ಸಿಗದೆ ಅಲ್ಲೇ ನಿಂತರು. ಕೊನೆಗೆ ಪುಟ್ಟಿ ಎದ್ದು ಹೋಗಿ ಚಿಲಕ ಎಳೆದಳು.

ವಿಶ್ವಾಸಾಧಿಕಾರಿಯ ಮುಖ ಸುಣ್ಣವಾಗಿತ್ತು, ಕಣ್ಣು ಕೆಂಪಗಾಗಿತ್ತು. ಅಜ್ಜಿ ಉಪಚಾರಕ್ಕೆಂದು ಕೇಳಿದರು, ಹೇಗಿತ್ತು ತಾಯಿ?

ಆಕೆ ಸುತ್ತ ನೋಡಿದರು. ಇಷ್ಟು ಜನ ನೋಡುತ್ತಿರುವಾಗ ಬೇಸರ ತೋರಿಸಬಾರದು ಎಂದುಕೊಂಡರೋ ಏನೋ, ತುಟಿಗೆ ಒಂದು ನಗು ಅಂಟಿಸಿಕೊಂಡು, ಅಂದೇ ಕಲಿತ ಪದವನ್ನು ಬಿಡಿಬಿಡಿಯಾಗಿ ಹೇಳಿದರು.

"ಪರ...ವಾ...ಗಿಲ್ಲ."

ಹೆಂಗಸರು ಗೊಳ್ಳೆಂದರು. ಆರು ತಿಂಗಳಲ್ಲಿ ಆ ಕಾಲೊನಿ ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಆ ನಗುವಿನ ನಡುವೆ ನಾನು ಅವರ ಭಾಷೆಯಲ್ಲಿ ಹೇಳಿದೆ: ನೀವು ಈಗ ಯಾವ ಅರ್ಥದಲ್ಲಿ ಹೇಳಿದಿರೋ, ಇನ್ನೂರ ಹನ್ನೆರಡು ಜನ ಹೇಳಿದ್ದೂ ಅದೇ ಅರ್ಥದಲ್ಲಿ. ತೃಪ್ತಿ ಎಂದು ಬರೆದವಳು ನಾನು.

ಆಕೆ ಚಿಲಕವನ್ನು ಒಮ್ಮೆ ಹಾಕಿ ತೆಗೆದು ನೋಡಿದರು. ಏನು ಮಾಡಿದರೆ ಸರಿಹೋಗುತ್ತದೆ ಎಂದು ಕೇಳಿದರು. ಉತ್ತರ ಪುಟ್ಟಿಯ ನಾಲಿಗೆಯ ತುದಿಯಲ್ಲೇ ಇತ್ತು.

"ಬಾಗಿಲನ್ನ ತಲೆಕೆಳಗು ಮಾಡಿ ತಿರುಗಿಸಿ ಹಾಕಿದ್ರೆ ಚಿಲಕ ಒಳಗೆ ಬರುತ್ತೆ. ಅಪ್ಪ ಸ್ಪ್ಯಾನರಲ್ಲಿ ಮಾಡ್ತಾರೆ. ತೂತೂ ಬೇಡ."

ನಾನು ಅನುವಾದಿಸಿದೆ. ಹೌದಪ್ಪನವರು ಜೀವನದಲ್ಲಿ ಮೊದಲ ಬಾರಿಗೆ ಇಲ್ಲ ಎಂದರು.

"ಹಾಗೆ ಮಾಡಿದ್ರೆ ಲಾಂಛನ ಒಳಗೆ ಹೋಗುತ್ತಲ್ಲ. ಅದೂ ತಲೆಕೆಳಗಾಗಿ."

ಎರಡೂ ಭಾಷೆಯಲ್ಲಿ ಹೇಳಿದರು. ದಾನಿಗಳು ಬಂದರೆ ಏನನ್ನು ನೋಡಬೇಕು ಎಂದೂ ಕೇಳಿದರು. ಬಳಿಕ ಕಾರು ತಿರುಗಿಸಿ ನಿಲ್ಲಿಸಲು ಹೋದರು. ಕಾರು ತಿರುಗಿಸಬಹುದಂತೆ, ಬಾಗಿಲು ತಿರುಗಿಸಬಾರದಂತೆ ಎಂದು ಹಿಂದಿನಿಂದ ಯಾರೋ ಗೊಣಗಿದರು.

ವಿಶ್ವಾಸಾಧಿಕಾರಿ ಒಪ್ಪಿಬಿಡುತ್ತಾರೆ ಎಂದುಕೊಂಡಿದ್ದೆ. ಕಣ್ಣು ಇನ್ನೂ ಕೆಂಪಗಿತ್ತು. ಆದರೂ ಬಾಯಿಂದ ಬಂದದ್ದು ಕಚೇರಿಯ ಮಾತೇ: ಲಾಂಛನ ಕಾಣುವಂತಿರಬೇಕು ಎಂಬುದು ಒಪ್ಪಂದದಲ್ಲಿದೆ, ಇದನ್ನು ಲಾಂಛನ ಸಮಿತಿಯ ಮುಂದಿಡುತ್ತೇನೆ, ಸಮಿತಿ ಮೂರು ತಿಂಗಳಿಗೊಮ್ಮೆ ಸೇರುತ್ತದೆ, ಅಲ್ಲಿಯ ತನಕ ದಯವಿಟ್ಟು ಯಾರೂ ಏನನ್ನೂ ಮುಟ್ಟಬೇಡಿ ಎಂದು ಹೇಳು. ಐದು ನಿಮಿಷದ ಕೂಗು ಅವರಿಗೆ ಸಾಕಾಗಿರಲಿಲ್ಲ. ಪುಟ್ಟಿಗೆ ಇನ್ನೂ ಮೂರು ತಿಂಗಳು ಅರ್ಧ ಲೋಟ ನೀರು.

"ಏನಂದ್ರು?" ಅಕ್ಕ ಕೇಳಿದಳು, ನಾನು ಯಾರೋ ಎಂಬಂತೆ.

ಹೌದಪ್ಪನವರು ತಿರುಗಿಸುತ್ತಿದ್ದ ಕಾರಿನ ಸದ್ದು ದೂರದಲ್ಲಿತ್ತು, ಎರಡೂ ಭಾಷೆ ಬಲ್ಲವರು ಅಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಪದಗಳನ್ನು ತೂಗಿ ತೂಗಿ ಬಳಸುವವಳೆಂದು ನನಗೆ ಹೆಸರು. ಅಂದು ತೂಗಲಿಲ್ಲ.

"ತಿರುಗಿಸಿ ಹಾಕ್ಕೊಳ್ಳಿ ಅಂದ್ರು. ಎಲ್ಲಾ ಬಾಗಿಲೂ. ಇವತ್ತೇ ಶುರು ಮಾಡಿ ಅಂದ್ರು."

ಹೆಂಗಸರು ಕೈ ಮುಗಿದರು. ವಿಶ್ವಾಸಾಧಿಕಾರಿ, ತಮ್ಮ ಸಮಿತಿಗೆ ಇಷ್ಟು ಗೌರವ ಸಿಕ್ಕಿತೆಂದು ಬೆರಗಾಗಿ, ಅವರೂ ಕೈ ಮುಗಿದರು.

ಮೂರೇ ದಿನದಲ್ಲಿ ಭಾವ ಮತ್ತು ಅವರ ಗ್ಯಾರೇಜಿನವರು ಅರವತ್ತು ಬಾಗಿಲನ್ನೂ ಬಿಚ್ಚಿ, ತಲೆಕೆಳಗು ಮಾಡಿ, ಚಿಲಕ ಸಿಕ್ಕಿಸುವ ಚೌಕಟ್ಟಿನ ಬಳೆಯನ್ನೂ ಒಳಗಡೆಗೆ ಸರಿಸಿ ಮತ್ತೆ ಕೂರಿಸಿದರು. ಹೌದಪ್ಪನವರು ಬಂದು ಯಾರ ಅಪ್ಪಣೆ ಎಂದು ಕೇಳಿದರಂತೆ. ನಿಮ್ಮ ದೊಡ್ಡಮ್ಮನೇ ಕೈ ಮುಗಿದು ಹೇಳಿ ಹೋದರಲ್ಲ ಎಂದರಂತೆ ಅಜ್ಜಿ. ಕೇಂದ್ರ ಕಚೇರಿಗೆ ಪತ್ರ ಹೋಯಿತು. ತಾವು ಹಾಗೆ ಹೇಳಿಲ್ಲ ಎಂದರೆ, ಮುಟ್ಟಬೇಡಿ ಎಂದದ್ದನ್ನು ಒಪ್ಪಿಕೊಳ್ಳಬೇಕಾಗುತ್ತಿತ್ತು, ಹಾಗಾಗಿ ವಿಶ್ವಾಸಾಧಿಕಾರಿ ಸುಮ್ಮನಾದರು. ಮುಂದಿನ ವರದಿಯಲ್ಲಿ ಸ್ಥಳದಲ್ಲೇ ಕೈಗೊಂಡ ದಿಟ್ಟ ನಿರ್ಧಾರವೆಂದು ಅರ್ಧ ಪುಟ ಬಂತು. ತೃಪ್ತರ ಸಂಖ್ಯೆ ತೊಂಬತ್ತೆಂಟಕ್ಕೇರಿತು. ಈ ಸಲ ಬಾಗಿಲಿನ ಚಿತ್ರ ಇರಲಿಲ್ಲ.

ನನ್ನನ್ನು ಮಾತ್ರ ಕೆಲಸದಿಂದ ತೆಗೆದರು. ಬಾಗಿಲು ತಿರುಗಿಸಿದವರು ಯಾರೆಂದು ವಿಚಾರಿಸುವಾಗ ಅಕ್ಕನ ವಿಷಯ ಹೊರಬಿದ್ದಿತ್ತು, ಅದನ್ನು ಮುಚ್ಚಿಟ್ಟದ್ದು ಪಾರದರ್ಶಕತೆಗೆ ವಿರುದ್ಧ ಎಂದು ಪತ್ರದಲ್ಲಿತ್ತು. ಆ ಪತ್ರದಲ್ಲಿ ತಪ್ಪು ಹುಡುಕಲಾರೆ, ಅದು ನಿಜವೇ.

ಕಳೆದ ವಾರ ಅಕ್ಕನ ಮನೆಗೆ ಹೋಗಿದ್ದೆ. ಪುಟ್ಟಿ ನನ್ನೆದುರೇ ಒಂದು ಲೋಟ ನೀರು ಗಟಗಟ ಕುಡಿದು, ಇನ್ನೊಂದನ್ನು ಬಗ್ಗಿಸಿಕೊಂಡು, ಒಬ್ಬಳೇ ಹೊರಗೆ ಹೋದಳು. ಆಮೇಲೆ ನಾನೂ ಹೋದೆ. ಒಳಗಿನಿಂದ ಚಿಲಕ ಎಳೆದುಕೊಂಡು ನೋಡಿದರೆ, ಎದುರಿಗೆ ತಲೆಕೆಳಗಾದ ಎರಡು ಕೈ. ಅವು ಕೂಡುವ ಜಾಗದಲ್ಲೇ ರೇಡಿಯೊ ಅಜ್ಜಿ ಒಂದು ಮೊಳೆ ಹೊಡೆದು, ತಮ್ಮ ಬಟ್ಟೆ ತೂಗುಹಾಕಿದ್ದರು.