ಅರುಂಧತಿಯ ವೋಟು

ದ್ವಾರಕನಾಥ್ ದಂಪತಿಗೆ ಸಿಂಗಪುರದ ಪೌರತ್ವ ಸಿಕ್ಕಿ ಇಪ್ಪತ್ತೆರಡು ವರ್ಷವಾಗಿತ್ತು. ಅಷ್ಟೂ ವರ್ಷ ಮನೆಯ ಎರಡು ವೋಟುಗಳು ಯಾರಿಗೆಂದು ತೀರ್ಮಾನಿಸುತ್ತಿದ್ದವರು ಅವರೊಬ್ಬರೇ. ಪೇಪರಿನ ಒಂದು ಸಾಲೂ ಬಿಡದೆ ಓದಿ, ಊಟಕ್ಕೆ ಕೂತಾಗ, "ಈ ಸಲ ಇವರಿಗೆ ಹಾಕೋಣ ಕಣೇ" ಎನ್ನುತ್ತಿದ್ದರು. ಹೆಂಡತಿ ಅರುಂಧತಿ ಹುಳಿ ಬಡಿಸುತ್ತ "ಆಯ್ತು" ಎನ್ನುತ್ತಿದ್ದಳು.

ಹೋದ ವರ್ಷ ಅವಳಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತೂ ಹೋಯಿತು. ಉಳಿದದ್ದು ಒಂದೇ ಪದ: ಆಯ್ತು. ಹಸಿವೆಗೂ ಅದೇ, ನೋವಿಗೂ ಅದೇ. ಕೆಲವರಿಗೆ ಹೀಗೆ ರೂಢಿಯ ಪದವೊಂದು ನಾಲಿಗೆಯಲ್ಲಿ ಉಳಿದುಬಿಡುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದಾಗ ದ್ವಾರಕನಾಥ್ ಕಿಟಕಿಯತ್ತ ತಿರುಗಿ ನಿಂತಿದ್ದರು.

ಈ ಸಲದ್ದು ರಾಷ್ಟ್ರಾಧ್ಯಕ್ಷರ ಚುನಾವಣೆ. ಕಣದಲ್ಲಿದ್ದವರು ಮೂವರು: ನಿವೃತ್ತ ಜಡ್ಜ್ ಒಬ್ಬರು, ಒಬ್ಬ ಉದ್ಯಮಿ, ಮತ್ತೆ ಮಕ್ಕಳ ಡಾಕ್ಟರಾಗಿದ್ದ ಒಬ್ಬ ಹೆಂಗಸು.

"ಬಿಸಿನೆಸ್ ಮಾಡೋನು ಬೇಡ, ಬಾಯಿ ಜಾಸ್ತಿ" ಎಂದರು ದ್ವಾರಕನಾಥ್, ಹೆಂಡತಿಗೆ ಗಂಜಿ ಕುಡಿಸುತ್ತ. "ಡಾಕ್ಟರಮ್ಮ ಒಳ್ಳೆಯವಳೇ, ಆದ್ರೆ ಅನುಭವ ಸಾಲ್ದು. ಜಡ್ಜ್‌ಗೇ ಹಾಕೋಣ. ಬ್ಯಾಲೆಟ್ ಪೇಪರಲ್ಲಿ ಮೊದಲನೇ ಹೆಸರೇ ಅವರದ್ದು."

"ಆಯ್ತು" ಎಂದಳು ಅರುಂಧತಿ.

ಬುಕಿತ್ ಬಾಟೋಕ್‌ನ ಅವರ ಪಕ್ಕದ ಬ್ಲಾಕಿನ ನೆಲಮಹಡಿಯ ತೆರೆದ ವಾಯ್ಡ್ ಡೆಕ್‌ನಲ್ಲೇ ಮತಗಟ್ಟೆ. ದ್ವಾರಕನಾಥ್ ವೀಲ್‌ಚೇರ್ ತಳ್ಳಿಕೊಂಡು ವೋಟು ಹಾಕುವ ಮರೆಯವರೆಗೂ ಹೋದರು. ಚುನಾವಣಾ ಸಿಬ್ಬಂದಿಯ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ತಡೆದಳು.

"ಅಂಕಲ್, ನೀವು ಬರೋ ಹಾಗಿಲ್ಲ. ಆಂಟಿಗೆ ನಾನು ಹೆಲ್ಪ್ ಮಾಡ್ತೀನಿ."

"ಅವಳಿಗೆ ಮಾತು ಬರಲ್ಲಮ್ಮ. ಯಾರಿಗೆ ಅಂತ ನಂಗೊತ್ತು."

"ಒಂದೊಂದೇ ಹೆಸರು ತೋರಿಸ್ತೀನಿ. ಅವರು ತಲೆ ಆಡಿಸಿದ್ರೆ ಸಾಕು."

ದ್ವಾರಕನಾಥ್ ದೂರ ಸರಿದು ನಿಂತರು. ಕಾಣುತ್ತಿದ್ದದ್ದು ಹೆಂಡತಿಯ ನರೆತ ತುರುಬು ಮಾತ್ರ. ಹುಡುಗಿ ಬಗ್ಗಿ ಮೊದಲ ಹೆಸರಿನ ಮೇಲೆ ಬೆರಳಿಟ್ಟಿರಬೇಕು. ತುರುಬು ಅತ್ತಿಂದಿತ್ತ ಬಲವಾಗಿ ಅಲುಗಿತು.

ಬೇಡ.

ಮದುವೆಯಾಗಿ ನಲವತ್ತೊಂದು ವರ್ಷಕ್ಕೆ ಅವರು ಆ ಉತ್ತರವನ್ನು ಮೊದಲ ಸಲ ನೋಡಿದ್ದರು. ಸಿಟ್ಟು ಬರಲಿಲ್ಲ.

ಮನೆಗೆ ಬಂದವರೇ ಅವಳೆದುರು ಸ್ಟೂಲ್ ಎಳೆದುಕೊಂಡು ಕೂತರು. "ಯಾರಿಗೆ ಹಾಕ್ದೆ ಅರು? ಡಾಕ್ಟರಿಗಾ?" ಅವಳು ಕಣ್ಣು ಮುಚ್ಚಿಕೊಂಡಳು. "ಮುಂಚೆ? ಮುಂಚೆ ಎಲ್ಲಾ ನಾನು ಹೇಳಿದವರಿಗೇ ಹಾಕ್ತಿದ್ಯಾ?" ಕಣ್ಣು ತೆರೆಯಲಿಲ್ಲ. ನಿನಗೇನನ್ನಿಸುತ್ತೆ ಎಂದು ತಾವು ಒಂದು ದಿನವೂ ಕೇಳಿರಲಿಲ್ಲವೆಂಬುದು ಅವರಿಗೆ ಆಗ ಹೊಳೆಯಿತು. ವೋಟಿನ ವಿಷಯ ಹಾಗಿರಲಿ, ಈ ದೇಶಕ್ಕೆ ಬರುವಾಗಲೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಫಲಿತಾಂಶ ಓದಿ ಹೇಳಿದರು. ಜಡ್ಜ್ ಭಾರಿ ಅಂತರದಿಂದ ಗೆದ್ದಿದ್ದರು. ಡಾಕ್ಟರಿಗೆ ಕೊನೆಯ ಸ್ಥಾನ ಎಂದಾಗ ಅರುಂಧತಿಯ ಕೆನ್ನೆಯ ಮೇಲೆ ನೀರಿಳಿಯಿತು.

ದ್ವಾರಕನಾಥ್ ಪೇಪರ್ ಕೆಳಗಿಟ್ಟರು. "ಆಕೇಲಿ ಏನು ಕಂಡೆ ಅರು? ಹೇಳು, ಕೇಳ್ತೀನಿ. ಎಷ್ಟು ಹೊತ್ತಾದ್ರೂ ಆಗ್ಲಿ."

ಅವಳ ತುಟಿ ಅದುರಿತು. ಕತ್ತಿನ ನರ ಉಬ್ಬಿತು. ಏನೋ ಉದ್ದನೆಯದು, ಬಹಳ ದಿನದ್ದು, ಗಂಟಲವರೆಗೆ ಬಂದು ಒದ್ದಾಡುತ್ತಿತ್ತು.

"ಆಯ್ತು" ಎಂದಳು. ಆ ಪದ ಕಿವಿಗೆ ಬಿದ್ದದ್ದೇ ಎಡಗೈಯಿಂದ ಹಾಸಿಗೆಯನ್ನು ಗುದ್ದಿ ಗುದ್ದಿ ಜೋರಾಗಿ ಅತ್ತಳು.

ದ್ವಾರಕನಾಥ್ ನೆಲಕ್ಕೆ ಕುಸಿದು, ಅವಳ ಕೈ ಬೀಳುತ್ತಿದ್ದ ಜಾಗದ ಪಕ್ಕದಲ್ಲೇ ಮುಖವಿಟ್ಟರು.